ಬರೀ ಅಕ್ಷರದ ಪರದೆ

ವಾರವಿಡೀ ಇಂಡಿ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ, ಭಾನುವಾರ ಮತ್ತೆ ಕಂಪ್ಯೂಟರಿನ ಮುಂದೆ ಕೂಡುವುದಕ್ಕೆಂದೇ ಎರಡು ಬಸ್ಸು ಹತ್ತುವುದು ದಾನೇಶ್ವರಿಗೆ ಸಾಕಾಗಿತ್ತು. ಒಗೆಯಬೇಕಾದ ಬಟ್ಟೆ ಬಕೆಟ್ಟಿನಲ್ಲೇ ನೆನೆಯುತ್ತಿದ್ದವು. "ಈ ವಾರನೂ ಹೊಂಟಿ?" ಎಂದು ಗಂಡ ಅನಿಲಕುಮಾರ ಕೇಳಿದ್ದ. ಬೇಸರದಿಂದ ಕೇಳಿದ್ದಲ್ಲ, ಹಾಗಂತ ಖುಷಿಯಿಂದ ಕೇಳಿದ್ದೂ ಅಲ್ಲ. ಸಿಂದಗಿಯಲ್ಲಿ ಇಳಿದು ಬಸವನ ಬಾಗೇವಾಡಿ ಬಸ್ಸಿಗೆ ಕಾಯುವಾಗ ನಿಂತಲ್ಲೇ ಅವಳ ಕಣ್ಣು ಮುಚ್ಚುತ್ತಿದ್ದವು. ದೇವರ ಹಿಪ್ಪರಗಿ ದಾಟಿದ ಮೇಲೆ ರಸ್ತೆಯ ಕುಲುಕಾಟಕ್ಕೆ ಆ ನಿದ್ದೆಯೂ ಹಾರಿಹೋಯಿತು.

ಬಾಗೇವಾಡಿಯಲ್ಲಿ ಅವಳ ಅಣ್ಣ ಸುಭಾಸನ ಮನೆ. ಸುಭಾಸ ಬಸ್ ಸ್ಟ್ಯಾಂಡಿನ ಎದುರಿಗೆ ವರ್ಷಾನುಗಟ್ಟಲೆ ಡಿಟಿಪಿ ಅಂಗಡಿ ನಡೆಸಿದವನು. ಮಗಳ ಹೆಸರಿನಲ್ಲಿ 'ಶಿವಾನಿ ಗ್ರಾಫಿಕ್ಸ್' ಎಂದು ಬೋರ್ಡು ಹಾಕಿಸಿದ್ದ. ಬೋರ್ಡಿನ ಅಕ್ಷರಗಳನ್ನು ಯಾವ ಫಾಂಟಿನಿಂದಲೂ ತೆಗೆದುಕೊಂಡಿರಲಿಲ್ಲ, ತಾನೇ ಕೂತು ಒಂದೊಂದಾಗಿ ಬರೆದಿದ್ದ. ಲಗ್ನಪತ್ರಿಕೆ, ಶ್ರದ್ಧಾಂಜಲಿ ಬ್ಯಾನರು, ಪಂಚಾಯಿತಿ ಚುನಾವಣೆಯ ಕರಪತ್ರ, ಏನೇ ಇರಲಿ, ಇಂಗಳೇಶ್ವರದ ಕಡೆಯಿಂದಲೂ ಜನ ಅವನ ಹತ್ತಿರವೇ ಬರುತ್ತಿದ್ದರು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಲಗ್ನಪತ್ರಿಕೆಯ ಅಂಚಿನಲ್ಲಿ ಬೀಗರ ಹೆಸರು ಅರ್ಧ ಕತ್ತರಿಸಿ ಹೋದದ್ದು ಅವನ ಕಣ್ಣಿಗೇ ಬೀಳಲಿಲ್ಲ. ಚಸ್ಮಾ ಬದಲಿಸಿದ. ಆಮೇಲೆ ಮತ್ತೊಮ್ಮೆ ಬದಲಿಸಿದ. ಮಿರಜದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣಿನ ಒತ್ತಡ ಒಳಗಿನ ನರವನ್ನು ತಿಂದು ಬಹಳ ದಿನವಾಗಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸುಭಾಸ ಹನಿ ತಪ್ಪಿಸಲಿಲ್ಲ. ಆದರೂ ಉಳಿದದ್ದು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಲೇ ಹೋಯಿತು. ಅಂಗಡಿಯಲ್ಲಿ ಈಗ ಬೇರೆ ಯಾರೋ ಮೊಬೈಲ್ ಮಾರುತ್ತಾರೆ. ಅಲ್ಲಿಯ ಕಂಪ್ಯೂಟರ್ ಮನೆಯ ನಡುಮನೆಗೆ ಬಂದಿದೆ.

ಮನೆಯಲ್ಲಿ ಕೂತ ಅಣ್ಣ ಮಾತು ಬಿಡುತ್ತಾ ಬಂದದ್ದನ್ನು ನೋಡಲಾರದೆ ದಾನೇಶ್ವರಿಯೇ ಅವನಿಗೊಂದು ಕೆಲಸ ತಂದಳು. ಅವಳ ಕಾಲೇಜಿನ ಕನ್ನಡ ವಿಭಾಗದವರು ಹಲಸಂಗಿ, ಅಗರಖೇಡದ ಕಡೆ ತಿರುಗಿ ಮುದುಕಿಯರ ಬೀಸುವ ಪದಗಳನ್ನು ಧ್ವನಿಮುದ್ರಿಸಿಕೊಂಡು ಬಂದಿದ್ದರು. ಕೇಳಿ ಕೇಳಿ ಟೈಪು ಮಾಡುವವರು ಬೇಕಿತ್ತು. ಸುಭಾಸನಷ್ಟು ವೇಗದ ಬೆರಳು ಅವಳು ಎಲ್ಲೂ ನೋಡಿರಲಿಲ್ಲ. ಕಣ್ಣಿದ್ದಾಗಲೂ ಅವನು ಕೀಬೋರ್ಡ್ ನೋಡಿದವನಲ್ಲ. ಹಳೆಯ ಯಂತ್ರಕ್ಕೆ ಅವಳು ವಿಂಡೋಸ್ ಬದಲು ಲಿನಕ್ಸ್ ಹಾಕಿ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಮನ್ನೂ ಜೋಡಿಸಿಕೊಟ್ಟಳು.

ಅಲ್ಲಿಂದ ಶುರುವಾಯಿತು ಅವಳ ಭಾನುವಾರಗಳ ಓಡಾಟ. ಯಂತ್ರ ಹಳೆಯದು. ಬಣ್ಣದ ಪರದೆ, ಕಿಟಕಿಗಳು, ಐಕಾನುಗಳು, ಅದರ ಮೇಲೆ ಓದುವ ಪ್ರೋಗ್ರಾಮು ಎಲ್ಲ ಸೇರಿ ಅದಕ್ಕೆ ಏದುಸಿರು ಬರುತ್ತಿತ್ತು. ಸುಭಾಸ ಒಂದು ಸಾಲು ಟೈಪು ಮಾಡಿ ಮುಗಿಸಿದ ಮೇಲೆ ಯಂತ್ರ ಮೊದಲನೆಯ ಅಕ್ಷರ ಹೇಳುತ್ತಿತ್ತು. ನಡುವೆ ಯಾವುದೋ ಸೂಚನೆಯ ಕಿಟಕಿ ತಾನಾಗಿ ಎದ್ದು ಬಂದರೆ ಅವನು ಬರೆದದ್ದೆಲ್ಲ ಎಲ್ಲಿಗೋ ಹೋಗುತ್ತಿತ್ತು. ಒಮ್ಮೆ ಬೆರಳು ತಪ್ಪಿ ಓದುವ ಪ್ರೋಗ್ರಾಮೇ ನಿಂತುಹೋಗಿ, ಸುಭಾಸ ಮೂಕ ಯಂತ್ರದ ಮುಂದೆ ಸಂಜೆಯವರೆಗೆ ಕೂತಿದ್ದನಂತೆ.

ಇದಕ್ಕೆ ಉಪಾಯ ಹೇಳಿದವರು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಕುತುಬುದ್ದೀನ ಮಾಸ್ತರರು. ಹುಟ್ಟಿನಿಂದಲೇ ಕಣ್ಣಿಲ್ಲದವರು. ವಿಜಯಪುರದ ಒಂದು ತರಬೇತಿಯಲ್ಲಿ ದಾನೇಶ್ವರಿಗೆ ಪರಿಚಯವಾಗಿದ್ದರು.

"ಮೇಡಂ, ಆ ಚಿತ್ರ ಗಿತ್ರ ಎಲ್ಲಾ ತಗೀರಿ," ಅಂದಿದ್ದರು ಫೋನಿನಲ್ಲಿ. "ಮಷೀನ ಏಳೂದ ಬರೇ ಅಕ್ಷರದಾಗ ಏಳ್ಲಿ. ಕರಿ ಪರದಿ, ಒಂದ ಸಾಲು. ನಾವು ಬರದದ್ದ ಅದು ಓದ್ತೈತಿ, ಅದು ಹೇಳಿದ್ದ ನಾವು ಕೇಳ್ತೇವಿ. ನಾ ಹಂಗ ಮಾಡ್ಕೊಂಡು ಎಷ್ಟ ವರ್ಷಾತು. ಕಣ್ಣಿಲ್ಲದಾಂವಗ ಕಿಟಕಿ ಯಾಕ್ರಿ."

ಇದನ್ನು ಹಿಂದಿನ ಸಲ ಬಂದಾಗ ಅಣ್ಣನಿಗೆ ಹೇಳಿದ್ದಳು. ಅವನು ಒಪ್ಪಿರಲಿಲ್ಲ. ಯಂತ್ರ ಚಾಲೂ ಆದಾಗ ಪರದೆಯ ತುಂಬ ಅವನ ಅಂಗಡಿಯ ಬೋರ್ಡಿನ ಫೋಟೊ ಬರುತ್ತಿತ್ತು. "ನನಗ ಇನ್ನೂ ಬೆಳಕ ಕಾಣ್ತೈತಿ," ಅಂದಿದ್ದ. "ಪೂರಾ ಹೋದಂಗ ಮಾತಾಡಬ್ಯಾಡ."

ಈ ಭಾನುವಾರ ಅವಳು ಒಳಗೆ ಬಂದಾಗ ಅವನು ಯಂತ್ರದ ಮುಂದೆಯೇ ಇದ್ದ. ಅತ್ತಿಗೆ ಲಕ್ಕವ್ವ ಒಳಗೆ ಶೇಂಗಾ ಚಟ್ನಿಗೆ ಮಿಕ್ಸರ್ ತಿರುಗಿಸುತ್ತಿದ್ದಳು. ಅದರ ಸದ್ದು ನಿಂತ ಮೇಲೆ ಸುಭಾಸ ತಲೆ ಎತ್ತಿದ.

"ದಾನಿ? ಬಾ. ಬಸ್ ಗದ್ದಲಿತ್ತೇನು?"

"ಸಿಂದಗಿತನಕ ಸೀಟ ಸಿಕ್ಕಿತ್ತು. ಅಲ್ಲಿಂದ ನಿಂತ ಬಂದೆ."

"ಕೂಡು, ಕೂಡು. ಇವತ್ತ ನೋಡು, ಪರದಿ ಚಲೋ ಕಾಣಾಕತ್ತೈತಿ. ನಡುವ ನೀಲಿ, ಬಾಜೂಕ ಸ್ವಲ್ಪ ಮಬ್ಬು. ಮುಂಜಾನಿಂದ ಹಂಗ ಐತಿ."

ದಾನೇಶ್ವರಿ ಚೀಲ ಕೆಳಗಿಟ್ಟು ಪರದೆಯ ಕಡೆ ನೋಡಿದಳು. ಪರದೆ ಕಪ್ಪಗಿತ್ತು. ಗೋಡೆಯ ಸ್ವಿಚ್ ಬೋರ್ಡಿನಲ್ಲಿ ಮಾನಿಟರಿನ ಪ್ಲಗ್ ಇರಲಿಲ್ಲ. ಅದರ ಜಾಗದಿಂದ ಮಿಕ್ಸರಿನ ವೈರು ಅಡುಗೆಮನೆಗೆ ಹೋಗಿತ್ತು. ಕೆಳಗಿನ ಸಿಪಿಯು ಡಬ್ಬಿ ಮಾತ್ರ ಗುಂಯ್ಗುಡುತ್ತ ಓಡುತ್ತಿತ್ತು.

ಅವಳು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಲಕ್ಕವ್ವ ಅವಳ ಮುಖ ನೋಡಿದ್ದೇ ಸೆರಗಿನಿಂದ ಕೈ ಒರೆಸಿಕೊಂಡಳು.

"ವೈನಿ, ಮಾನಿಟರ್ ಬಂದ್ ಐತಿ."

"ನಾನ ತಗದೇನಿ. ಮಿಕ್ಸರಿಗೆ ಬ್ಯಾರೆ ಜಾಗ ಇಲ್ಲ."

"ಅಂವ ಕಾಣ್ತೈತಿ ಅನ್ನಾಕತ್ತಾನಲ್ಲ."

"ದೀಪಾವಳಿಯಿಂದ ಹಿಂಗ ಐತಿ," ಎಂದಳು ಲಕ್ಕವ್ವ, ದನಿ ತಗ್ಗಿಸಿ. "ಕರೆಂಟ್ ಹೋದಾಗ ಟ್ಯೂಬಲೈಟ ಚಲೋ ಉರ್ಯಾಕತ್ತೈತಿ ಅಂತಾರ. ಹೌದ್ರಿ, ಉರ್ಯಾಕತ್ತೈತಿ ಅಂತೇನಿ ನಾನೂ. ಮೊದಲ ಮೊದಲ ಹಿಂದ ಹೋಗಿ ಅತ್ತು ಬರ್ತಿದ್ದೆ. ಈಗ ಅಳಾಕೂ ಆಗಂಗಿಲ್ಲ ನೋಡು. ಇಲ್ಲದ ಬೆಳಕಿಗೆ ಹೌದು ಹೌದು ಅಂದು ಅಂದು ನನಗ ಸಾಕಾಗೇತಿ."

"ಶಿವಾನಿಗೆ ಹೇಳೀ?"

"ಅಕಿ ಹಾಸ್ಟೆಲಿನ್ಯಾಗ ಓದೂದ ಬಿಟ್ಟು ಓಡಿ ಬರ್ತಾಳ. ಬಂದ ಏನ ಮಾಡ್ತಾಳ?"

ಲಕ್ಕವ್ವ ಚಹಾಕ್ಕೆ ನೀರಿಟ್ಟಳು. ಹೇಳುವ ಕೆಲಸ ತನ್ನ ಮೇಲೇ ಬಂತು ಅನ್ನುವುದು ದಾನೇಶ್ವರಿಗೆ ಗೊತ್ತಾಯಿತು. ಅವಳಿಗೆ ಒಮ್ಮೆಲೇ ಮೈ ಭಾರವಾಯಿತು. ಪ್ಲಗ್ ಮತ್ತೆ ಹಾಕಿ, ಓದುವ ಪ್ರೋಗ್ರಾಮನ್ನು ಏನೋ ಒಂದಿಷ್ಟು ತಿದ್ದಿ, ಮಧ್ಯಾಹ್ನದ ಬಸ್ಸು ಹಿಡಿದು ಹೋಗಿಬಿಡಬಹುದಿತ್ತು. ಹೋದರೆ ಮತ್ತೆ ಮುಂದಿನ ಭಾನುವಾರವೂ ಇದೇ. ಅವಳು ಹೊರಗೆ ಬಂದು ಅಣ್ಣನ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಅಣ್ಣಾ, ಮಾನಿಟರ್ ಬಂದ್ ಐತಿ. ವೈನಿ ಪ್ಲಗ್ ತಗದಾಳ. ನಿನ್ನ ಮುಂದ ಇರೂದು ಕರಿ ಗಾಜು."

ಸುಭಾಸ ಕೀಬೋರ್ಡಿನ ಮೇಲಿದ್ದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತು. ಸಿಟ್ಟಿಗೇಳುತ್ತಾನೆ ಎಂದು ದಾನೇಶ್ವರಿ ಕಾದಳು.

"ನನಗ ಖರೇ ನೀಲಿ ಕಂಡಿತ್ತು," ಎಂದ ಕೊನೆಗೆ.

"ಸುಳ್ಳ ಹೇಳ್ತಿ ಅನ್ನವಲ್ಲೆ."

"ಈಗೂ ಐತಿ. ನೀ ಬಂದ್ ಐತಿ ಅಂದ ಮ್ಯಾಲೂ ಐತಿ." ಅವನು ಕೈಯನ್ನು ಮುಖದ ಮುಂದೆ ಎತ್ತಿ ಆಡಿಸಿದ, ಮತ್ತೆ ಇಳಿಸಿದ. "ಯಾವುದು ಕಂಡದ್ದು, ಯಾವುದು ನೆನಪಿಂದು, ಈಗೀಗ ತಿಳಿಯಂಗಿಲ್ಲ ದಾನಿ. ಒಮ್ಮೊಮ್ಮೆ ಕಣ್ಣ ಮುಚ್ಚಿ ನೋಡ್ತೇನಿ. ಆಗೂ ಅಷ್ಟ ಇರ್ತೈತಿ. ಆಗ ಸಂಶೆ ಬರ್ತಿತ್ತು. ಯಾರನ್ನ ಕೇಳ್ಲಿ? ಇಕಿ ಎಲ್ಲಾದಕ್ಕೂ ಹೌದ್ರಿ ಅಂತಾಳ."

ಲಕ್ಕವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. "ಇನ್ನ ಅನ್ನಂಗಿಲ್ಲ," ಎಂದಳು. ಚಹಾ ತಂದು ಅವನ ಕೈಗೆ ಕೊಟ್ಟು, ಬಟ್ಟಲು ಹಿಡಿದದ್ದು ಗಟ್ಟಿಯಾಯಿತೇ ಎಂದು ನೋಡಿ, ಆಮೇಲೆ ಕೈ ಬಿಟ್ಟಳು.

ಮೂವರೂ ಚಹಾ ಕುಡಿದರು. ಹೊರಗೆ ಯಾವುದೋ ಟ್ರ್ಯಾಕ್ಟರು ಕಬ್ಬು ಹೇರಿಕೊಂಡು ಹೋಗುತ್ತಿತ್ತು.

"ಆ ಮಾಸ್ತರ ಹೇಳಿದ್ದು ಮಾಡು," ಎಂದ ಸುಭಾಸ. "ಬರೇ ಅಕ್ಷರ."

"ಕಾಯಮ್ ಅಲ್ಲ ಅದು. ಮತ್ತ ಚಿತ್ರ ಬೇಕಂದ್ರ ಒಂದ ಸಾಲು ಬರದ್ರ ಸಾಕು, ಹೊಳ್ಳಿ ಬರ್ತೈತಿ."

"ಬರ್ತೈತಿ ಬಿಡು. ಯಾರು ನೋಡಾವ್ರು?"

ದಾನೇಶ್ವರಿ ಮಿಕ್ಸರಿನ ವೈರು ಕಿತ್ತು ಮಾನಿಟರಿನ ಪ್ಲಗ್ ಹಾಕಿದಳು. ಈಗ ನೋಡಬೇಕಾದವಳು ಅವಳು. ತನ್ನ ಮೊಬೈಲಿನ ಇಂಟರ್‌ನೆಟ್ ಜೋಡಿಸಿ, ಕರಿ ಪರದೆಯಲ್ಲಿ ಓದಿ ಹೇಳುವ ಬೇರೊಂದು ಪ್ರೋಗ್ರಾಮನ್ನು ಇಳಿಸಿಕೊಂಡಳು. ಯಂತ್ರ ಚಾಲೂ ಆದ ಕೂಡಲೇ ಅದೂ ತಾನಾಗಿ ಏಳುವಂತೆ ಮಾಡಿದಳು. ಕುತುಬುದ್ದೀನರು ಕಳಿಸಿದ್ದ ಕನ್ನಡ ಕೀಲಿಮಣೆಯ ಕಡತವನ್ನೂ ಅದರ ಜಾಗದಲ್ಲಿಟ್ಟಳು. ಇಷ್ಟಾಗುವಾಗ ಊಟದ ಹೊತ್ತಾಗಿತ್ತು. ರೊಟ್ಟಿ, ಪುಂಡಿಪಲ್ಲೆ, ಆಗ ರುಬ್ಬಿದ ಚಟ್ನಿ. ಉಂಡ ಮೇಲೆ ಅವಳಿಗೆ ನೆಲದ ಮೇಲೆಯೇ ಮಲಗಿಬಿಡೋಣ ಅನ್ನಿಸಿತು. ಮುಖಕ್ಕೆ ನೀರು ಹಾಕಿಕೊಂಡು ಬಂದಳು.

ಕೊನೆಯ ಆಜ್ಞೆಯನ್ನು ಅವಳು ಬರೆಯಲು ಹೊರಟಾಗ ಸುಭಾಸ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡ.

"ನೀ ಹೇಳು. ನಾ ಹೊಡೀತೇನಿ."

ಅವಳು ಹೇಳಿದಳು: ಮೊದಲು ಸುಡೊ, ಆಮೇಲೆ ಸಿಸ್ಟಮ್‌ಸಿಟಿಎಲ್, ಜಾಗ ಬಿಟ್ಟು ಸೆಟ್, ನಡುವೆ ಗೆರೆ, ಡಿಫಾಲ್ಟ್, ಮತ್ತೆ ಜಾಗ, ಮಲ್ಟಿ, ಗೆರೆ, ಯೂಸರ್, ಚುಕ್ಕಿ, ಟಾರ್ಗೆಟ್. ಅವಳು ಒಂದು ಪದ ಮುಗಿಸುವುದರೊಳಗೆ ಅವನ ಬೆರಳು ಅದನ್ನು ಮುಗಿಸಿ ಕಾಯುತ್ತಿತ್ತು. ಎಂಟರ್ ಒತ್ತಿದ. ಪಾಸ್‌ವರ್ಡ್ ಕೇಳಿತು, ಕೊಟ್ಟ. ಅವಳು ಪರದೆ ಓದಿ, "ಆತು," ಎಂದಳು. ಬೋರ್ಡಿನ ಫೋಟೊ ಇನ್ನೂ ಹಿಂದೆ ಕಾಣುತ್ತಿತ್ತು. ಕೆಂಪು ನೆಲದ ಮೇಲೆ ಹಳದಿ ಅಕ್ಷರ, ಶಿಯ ಗುಡಿಸಿನ ಬಳುಕು. ಅದನ್ನು ಅವನಿಗೆ ಹೇಳಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

"ಚಾಲೂ ಮಾಡು ಹೊಳ್ಳಿ," ಎಂದ ಅವನು.

ಯಂತ್ರ ಆರಿ ಮತ್ತೆ ಹತ್ತಿತು. ಬಿಳಿ ಅಕ್ಷರದ ಸಾಲುಗಳು ಸರಸರನೆ ಮೇಲೆ ಹೋದವು. ನಂತರ ಪರದೆ ಖಾಲಿಯಾಗಿ, ಮೂಲೆಯಲ್ಲಿ ಹೆಸರು ಕೇಳುವ ಒಂದೇ ಒಂದು ಸಾಲು ಉಳಿಯಿತು. ಹಿಂದೆ ಚಹಾ ಮಾಡಿ ಬರುವಷ್ಟು ಹೊತ್ತು ಹಿಡಿಯುತ್ತಿದ್ದದ್ದು ಈಗ ಆಕಳಿಕೆ ಮುಗಿಯುವುದರೊಳಗೆ ಆಗಿತ್ತು.

ಆದರೆ ಸದ್ದಿರಲಿಲ್ಲ.

"ಎದ್ದಿಲ್ಲೇನು ಇನ್ನೂ?" ಸುಭಾಸ ಕೇಳಿದ.

"ಎದ್ದೈತಿ. ಮಾತಾಡವಲ್ದು."

ಅವಳು ಧ್ವನಿ ಏರಿಸಿದಳು, ಸ್ಪೀಕರಿನ ವೈರು ತೆಗೆದು ಹಾಕಿದಳು, ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಳು. ಯಂತ್ರ ತನ್ನ ಮಟ್ಟಿಗೆ ಎಲ್ಲ ಸರಿಯಾಗಿದೆ ಎಂದೇ ಹೇಳುತ್ತಿತ್ತು. ಮತ್ತೆ ಆರಿಸಿ ಚಾಲೂ ಮಾಡಿದಳು. ಮತ್ತೆ ಅದೇ ಮೌನ. ಮಧ್ಯಾಹ್ನದ ಬಸ್ಸು ಹೋಗುವ ಹೊತ್ತು ದಾಟಿತು. ಸುಭಾಸ ಮೊದಲು ಏನಾತು, ಏನಾತು ಎಂದು ಕೇಳುತ್ತಿದ್ದವನು ಕೇಳುವುದನ್ನು ಬಿಟ್ಟ. ಅವನು ಕೇಳುವುದನ್ನು ಬಿಟ್ಟದ್ದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಇದ್ದ ಬೆಳಕನ್ನೂ ಆರಿಸಿ, ಬದಲಿಗೆ ಏನೂ ಕೊಡದೆ ಹೋಗುತ್ತೇನೋ ಏನೋ ಅನ್ನಿಸಿತು.

ಮುದ್ದೇಬಿಹಾಳಕ್ಕೆ ಫೋನ್ ಹಚ್ಚಿದಳು. ಕುತುಬುದ್ದೀನ ಮಾಸ್ತರರು ಎಲ್ಲ ಕೇಳಿಸಿಕೊಂಡರು.

"ಮೇಡಂ, ಮಾನಿಟರ್ ಯಾವ ಕೇಬಲ್‌ಲೇ ಜೋಡಿಸೀರಿ? ಹೊಸಾ ನಮೂನಿ ಚಪ್ಪಟಿ ಮುಖದ್ದೇನು?"

"ಹೌದ್ರಿ ಸರ್."

"ಮತ್ತ ಇನ್ನೇನ್ರಿ. ಆ ಕೇಬಲ್‌ದಾಗ ಚಿತ್ರದ ಜೋಡಿ ಧ್ವನೀನೂ ಹೋಗ್ತೈತಿ. ಬಣ್ಣದ ಪರದಿ ಇದ್ದಾಗ ಅದು ತಾನ ಹುಡುಕಿ ಸ್ಪೀಕರಿಗೆ ಕಳಸ್ತಿತ್ತು. ಈಗ ಹುಡುಕಾವ್ರು ಯಾರೂ ಇಲ್ಲ. ಮಾತೆಲ್ಲಾ ಮಾನಿಟರಿಗೆ ಹೊಂಟೈತಿ. ಅದಕ್ಕ ಬಾಯಿ ಎಲ್ಲೈತಿ?"

ದಾನೇಶ್ವರಿಗೆ ನಗು ಬಂತು, ನಗುವ ತ್ರಾಣವಿರಲಿಲ್ಲ. "ನನಗ ಹೊಳೀಬೇಕಿತ್ತ್ರಿ."

"ಹೊಳಿಯಂಗಿಲ್ರಿ. ನಾನೂ ಒಂದಿನ ಪೂರಾ ಒದ್ದಾಡೇನಿ. ಸ್ಪೀಕರ್ ಮೊದಲು ಅಂತ ಒಂದ ಕಡತದಾಗ ಬರೀಬೇಕು, ಬರ್ಕೊಳ್ರಿ."

ಅವರು ಹೇಳಿದರು, ಅವಳು ಬರೆದಳು. ಫೋನ್ ಇಡುವ ಮುಂಚೆ ಅವರು, "ನಿಮ್ಮ ಅಣ್ಣಾರಿಗೆ ಕೊಡ್ರಿ ಒಂದೀಟು," ಎಂದರು. ಸುಭಾಸ ಫೋನ್ ಕಿವಿಗಿಟ್ಟುಕೊಂಡ. ಆ ಕಡೆಯವರೇ ಹೆಚ್ಚು ಮಾತಾಡಿದರು. ಇವನು ಹೂಂ, ಹೌದ್ರಿ, ಇಲ್ರಿ ಎನ್ನುತ್ತಿದ್ದ. ಕೊನೆಗೆ, "ನೀವು ಮೊದಲಿನಿಂದ ನೋಡಿಲ್ರಿ ಸರ್. ನಾ ನೋಡೇನಿ. ಅದ ತ್ರಾಸು," ಎಂದ. ಆಮೇಲೆ ಅವರು ಏನೋ ಹೇಳಿದರು. ಸುಭಾಸ, "ಆತ್ರಿ, ಫೋನ್ ಹಚ್ಚತೇನಿ," ಎಂದು ಫೋನ್ ತಂಗಿಯ ಕೈಗೆ ಕೊಟ್ಟ.

ಮತ್ತೊಮ್ಮೆ ಯಂತ್ರ ಆರಿ ಹತ್ತಿತು. ಬಿಳಿ ಸಾಲುಗಳು ಹೋದವು. ಸ್ಪೀಕರು ಒಮ್ಮೆ ಕಿರ್ ಎಂದಿತು. ನಂತರ ತಗಡಿನ ಡಬ್ಬಿಯೊಳಗಿಂದ ಬಂದಂಥ ಒರಟು ದನಿಯೊಂದು ಲಾಗಿನ್ ಎಂದಿತು. ಲಕ್ಕವ್ವ ಒಳಗಿನಿಂದ ಓಡಿ ಬಂದಳು.

"ಯಾರದು?"

"ಇವನ ಇನ್ನ ನಮ್ಮ ಮನಿಯಾಂವ," ಎಂದ ಸುಭಾಸ.

ಅವನು ಹೆಸರು ಕೊಟ್ಟು ಒಳಗೆ ಹೋದ. ಬರೆಯುವ ಪ್ರೋಗ್ರಾಮು ತೆರೆದ. ಕನ್ನಡದ ಕೀಲಿಮಣೆಗೆ ಬದಲಾಯಿಸಿ ಮೆಲ್ಲಗೆ ಒಂದೊಂದೇ ಕೀಲಿ ಒತ್ತಿದ. ಒತ್ತಿದ ಕೂಡಲೇ ದನಿ ಹೇಳಿತು, ತಡವಿಲ್ಲದೆ. ದಾನೇಶ್ವರಿ ಪರದೆ ನೋಡಿದಳು. ಅಲ್ಲಿ ಕನ್ನಡ ಇರಲಿಲ್ಲ. ಖಾಲಿ ಚೌಕಗಳ ಒಂದು ಸಾಲು ಮಾತ್ರ ಇತ್ತು.

"ತಡಿ ಅಣ್ಣಾ. ತಪ್ಪಾತು. ಕನ್ನಡ ಬರವಲ್ದು."

"ಬರಾಕತ್ತೈತಲ್ಲ. ಕೇಳು." ಅವನು ಸಾಲಿನ ಮೊದಲಿಗೆ ಹೋಗಿ ಓದಿಸಿದ. ಡಬ್ಬಿಯ ದನಿ, ಎಲ್ಲೆಲ್ಲೋ ಒತ್ತಿ, ಆದರೆ ಸ್ಪಷ್ಟವಾಗಿ ಓದಿತು: ಲಕ್ಕವ್ವ ಚಟ್ನಿಗೆ ಉಪ್ಪು ಕಮ್ಮಿ ಹಾಕ್ಯಾಳ.

ಲಕ್ಕವ್ವ ಬಾಯಿಗೆ ಸೆರಗು ಹಿಡಿದಳು. ದಾನೇಶ್ವರಿ ಪರದೆಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ತಿಳಿಯಿತು. ಈ ಕರಿ ಪರದೆಗೆ ಕನ್ನಡದ ಆಕಾರ ತೋರಿಸಲು ಬರುವುದಿಲ್ಲ. ಅಕ್ಷರಗಳೆಲ್ಲ ಒಳಗೆ ಸರಿಯಾಗಿಯೇ ಇವೆ.

"ನಿನಗೇನ ಕಾಣ್ತೈತಿ?" ಸುಭಾಸ ಕೇಳಿದ.

"ಬರೇ ಚೌಕ. ಸಾಲಾಗಿ."

"ಒತ್ತಕ್ಷರಾನೂ ಚೌಕೇನು?"

"ಎಲ್ಲಾ ಚೌಕ."

ಅವನು, "ಆತು ಬಿಡು, ಜೋಡಣಿ ಮಾಡೂ ಕೆಲ್ಸ ತಪ್ಪಿತು," ಎಂದ. ನಕ್ಕನೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಆ ದಿನ ಅವಳು ಇಂಡಿ ಮುಟ್ಟುವಾಗ ಕತ್ತಲಾಗಿತ್ತು. ಅನಿಲಕುಮಾರ ಬಟ್ಟೆ ಒಗೆದು ಹಾಕಿದ್ದ. ಏನಾಯಿತು ಎಂದು ಕೇಳಿದ್ದಕ್ಕೆ, "ಅಣ್ಣಗ ಏನೂ ಕಾಣಂಗಿಲ್ಲ," ಎಂದಷ್ಟೇ ಹೇಳಿದಳು. ಅವಳೂ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆಮೇಲೆ ಎಲ್ಲ ಸುಸೂತ್ರವಾಯಿತು ಅಂತಲ್ಲ. ಕೆಲವು ದಿನ ಸುಭಾಸ ಯಂತ್ರವನ್ನು ಮುಟ್ಟುತ್ತಲೇ ಇರಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ ಎಂದು ಲಕ್ಕವ್ವ ಫೋನಿನಲ್ಲಿ ಹೇಳುತ್ತಿದ್ದಳು. ಶಿವಾನಿಗೆ ಅವನೇ ಫೋನ್ ಹಚ್ಚಿ ಹೇಳಿದ. ಅವಳು ಅತ್ತಳು, ರಜೆಗೆ ಬಂದಳು, ಮತ್ತೆ ಹೋದಳು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಡು ಕೇಳಿ ಕೇಳಿ ಬರೆದ. ಹಲಸಂಗಿಯ ಸಾವಿತ್ರವ್ವ ಎಂಬ ಮುದುಕಿಯ ಹಾಡು ಟೈಪಾಗಿ ಬಂದಾಗ, ಕನ್ನಡ ವಿಭಾಗದ ಸಿದ್ರಾಮ ಸರ್ ದಾನೇಶ್ವರಿಯನ್ನು ಕರೆದು ತೋರಿಸಿದರು. ಹಾಡಿನ ನಡುವೆ ಮುದುಕಿ ಕೆಮ್ಮಿದ್ದು, ಮುಂದಿನ ನುಡಿ ಮರೆತು ಹಣೆ ಬಡಿದುಕೊಂಡದ್ದು, ಬಾಗಿಲಲ್ಲಿ ಬಂದ ಎಮ್ಮೆಗೆ ಬೈದದ್ದು, ಎಲ್ಲವೂ ಅದರಲ್ಲಿತ್ತು.

"ಹಾಡಷ್ಟ ಸಾಕಿತ್ತು," ಎಂದರು ಅವರು. ಮತ್ತೆ ಓದಿ, "ಇರ್ಲಿ ಬಿಡ್ರಿ, ಹಿಂಗ ಇರ್ಲಿ," ಎಂದರು.

ಅವಳು ಮತ್ತೆ ಬಾಗೇವಾಡಿಗೆ ಹೋದದ್ದು ಬೇಸಿಗೆ ಶುರುವಾದ ಮೇಲೆ. ಯಂತ್ರ ಕೆಟ್ಟಿರಲಿಲ್ಲ, ಸುಮ್ಮನೆ ಹೋಗಿದ್ದಳು. ಸುಭಾಸ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು ಕುತುಬುದ್ದೀನ ಮಾಸ್ತರರ ಜೊತೆ ವಾದಕ್ಕೆ ಕೂತಿದ್ದ. ಯಂತ್ರ ಳಕಾರವನ್ನು ಸರಿಯಾಗಿ ಅನ್ನುವುದಿಲ್ಲ ಎಂದು ಇವನು, ನಿಮ್ಮ ಕಿವಿ ಇನ್ನೂ ಪಳಗಬೇಕು ಎಂದು ಅವರು. ತಂಗಿ ಬಂದದ್ದು ಗೊತ್ತಾಗಿ ಕೈಸನ್ನೆಯಿಂದ ಕೂಡು ಎಂದ, ಮಾತು ನಿಲ್ಲಿಸಲಿಲ್ಲ.

ಲಕ್ಕವ್ವ ಒಳಕೋಣೆಯಲ್ಲಿ ಚಾಪೆ ಹಾಸಿ ಫ್ಯಾನ್ ಹಾಕಿದ್ದಳು. "ಬಾ, ಅವರದು ಲಗೂ ಮುಗಿಯಂಗಿಲ್ಲ," ಎಂದಳು. ದಾನೇಶ್ವರಿ ಚಪ್ಪಲಿ ಬಿಟ್ಟು ಹೋಗಿ ಅತ್ತಿಗೆಯ ಪಕ್ಕದಲ್ಲಿ ಒರಗಿಕೊಂಡಳು. ಹೊರಗೆ ಡಬ್ಬಿಯ ದನಿ ಯಾವುದೋ ಹಾಡಿನ ಸಾಲನ್ನು ಮತ್ತೆ ಮತ್ತೆ ಓದುತ್ತಿತ್ತು. ಲಕ್ಕವ್ವ ಏನೋ ಹೇಳಲು ಶುರುಮಾಡಿದಳು, ಅರ್ಧಕ್ಕೇ ಅವಳ ಉಸಿರು ಭಾರವಾಯಿತು. ಅವಳಿಗೆ ನಿದ್ದೆ ಹತ್ತಿದ್ದನ್ನು ನೋಡುತ್ತಿದ್ದಂತೆ ದಾನೇಶ್ವರಿಗೂ ಹತ್ತಿತು.